ದೂರದೇಶದ ದುರಂತಕ್ಕೆ ದೇಣಿಗೆ ಕೊಡುವ ಬಗೆ

ಪರದೇಶವೊಂದರಲ್ಲಿ ಭೂಮಿ ನಡುಗಿ ಇಲ್ಲವೆ ಕಡಲು ಉಕ್ಕಿ ಸಾವಿರಾರು ಜನ ಸತ್ತ ಸುದ್ದಿ ಬಂದಾಗ, ಆ ದೇಶವನ್ನು ಎಂದೂ ಕಾಣದವರು ಕೂಡ ಕೈಲಾದಷ್ಟು ಕೊಡಲು ಮುಂದಾಗುತ್ತಾರೆ. ಮನುಷ್ಯಸ್ವಭಾವದ ಒಳ್ಳೆಯ ಗುಣಗಳಲ್ಲಿ ಅದೂ ಒಂದೆಂಬುದರಲ್ಲಿ ಅನುಮಾನವಿಲ್ಲ. ಆದರೆ ಕಳೆದ ಕೆಲವು ದಶಕಗಳ ದೊಡ್ಡ ದುರಂತಗಳಲ್ಲಿ ಕೊಟ್ಟದ್ದು ಎಲ್ಲಿಗೆ ಹೋಯಿತು, ಯಾವಾಗ ತಲುಪಿತು, ಯಾರಿಗೆ ಒದಗಿತು ಎಂಬುದನ್ನು ಪರಿಹಾರ ಕಾರ್ಯದಲ್ಲಿ ತೊಡಗಿದ್ದ ಸಂಸ್ಥೆಗಳೇ ಪರಿಶೀಲಿಸಿ ಬರೆದಿಟ್ಟ ವರದಿಗಳನ್ನು ನೋಡಿದರೆ, ದಾನಿಯ ಮನಸ್ಸು ಎಷ್ಟೇ ಶುದ್ಧವಾಗಿದ್ದರೂ ಕೊಡುವ ಹೊತ್ತು ತಪ್ಪಿದಾಗ, ಬೇಡದ ವಸ್ತುವನ್ನು ಕಳಿಸಿದಾಗ ಅಥವಾ ಕೊಟ್ಟ ಹಣಕ್ಕೆ ಸಲ್ಲದ ಷರತ್ತು ಹಾಕಿದಾಗ ದೇಣಿಗೆಯ ದೊಡ್ಡ ಪಾಲು ವ್ಯರ್ಥವಾಗುತ್ತದೆ, ಕೆಲವೊಮ್ಮೆ ಸಂತ್ರಸ್ತರಿಗೇ ಹೊರೆಯಾಗುತ್ತದೆ ಎಂಬುದು ತಿಳಿದುಬರುತ್ತದೆ.

ಇದನ್ನು ಅರಿಯಲು 2004ರ ಹಿಂದೂ ಮಹಾಸಾಗರದ ಸುನಾಮಿಗಿಂತ ಒಳ್ಳೆಯ ನಿದರ್ಶನ ಸಿಗುವುದು ಕಷ್ಟ. ಆ ವರ್ಷದ ಡಿಸೆಂಬರ್ 26ರಂದು ಇಂಡೊನೇಷ್ಯಾದ ಉತ್ತರ ಸುಮಾತ್ರಾ ಕರಾವಳಿಯಾಚೆ ಕಡಲ ತಳದಲ್ಲಿ ಸಂಭವಿಸಿದ 9.1 ತೀವ್ರತೆಯ ಭೂಕಂಪದಿಂದ ಎದ್ದ ಅಲೆಗಳು ಹದಿನಾಲ್ಕು ದೇಶಗಳ ತೀರಗಳಿಗೆ ಅಪ್ಪಳಿಸಿ ಸುಮಾರು 2.27 ಲಕ್ಷ ಜನರನ್ನು ಬಲಿ ತೆಗೆದುಕೊಂಡವು. ಜಗತ್ತು ಕೊಟ್ಟ ನೆರವಿನ ಮೊತ್ತ ಸುಮಾರು 1,350 ಕೋಟಿ ಡಾಲರ್. ಅದರಲ್ಲಿ ಶೇಕಡಾ 40ರಷ್ಟು ಸರ್ಕಾರಗಳಿಂದ ಬಂದುದಲ್ಲ, ಜನಸಾಮಾನ್ಯರು, ಕಂಪನಿಗಳು ಮತ್ತು ಧರ್ಮದತ್ತಿಗಳು ಕೊಟ್ಟದ್ದು. ಎಂಎಸ್‌ಎಫ್ ಎಂಬ ಸಂಕ್ಷಿಪ್ತ ಹೆಸರಿನಿಂದ ಪ್ರಸಿದ್ಧವಾದ, ಗಡಿಯಿಲ್ಲದ ವೈದ್ಯರು ಎಂಬ ಅರ್ಥದ ಹೆಸರುಳ್ಳ ಅಂತರರಾಷ್ಟ್ರೀಯ ವೈದ್ಯಕೀಯ ಸಂಸ್ಥೆಯು ದುರಂತ ನಡೆದು ಹತ್ತು ದಿನಗಳೊಳಗೇ ತಾನು ಸುನಾಮಿ ಪ್ರದೇಶದಲ್ಲಿ ಮಾಡಬಲ್ಲ ಕೆಲಸಕ್ಕೆ ಸಾಕಾಗುವಷ್ಟು ಹಣ ಬಂದಾಗಿದೆಯೆಂದು ಘೋಷಿಸಿ, ಅದೇ ಹೆಸರಿನಲ್ಲಿ ಇನ್ನು ಹಣ ಕಳಿಸಬೇಡಿರೆಂದು ಕೇಳಿಕೊಂಡಿತು. ಆಗಲೇ ಕೊಟ್ಟವರಿಗೂ ಪತ್ರ ಬರೆದು, ಉಳಿದ ಹಣವನ್ನು ಬೇರೆಡೆಯ ತುರ್ತುಗಳಿಗೆ ಬಳಸಲು ಒಪ್ಪಿಗೆ ಬೇಡಿತು. ಇತರ ಸಂಸ್ಥೆಗಳು ಈ ನಡೆಯನ್ನು ಕಟುವಾಗಿ ಟೀಕಿಸಿದವು, ಇದರಿಂದ ಜನರ ಉತ್ಸಾಹ ತಗ್ಗುತ್ತದೆಂದು ಅವು ಅಂಜಿದವು. ಆದರೆ ಕೇಳಲಾದ ದಾನಿಗಳಲ್ಲಿ ನೂರಕ್ಕೆ ತೊಂಬತ್ತೊಂಬತ್ತು ಮಂದಿ ಒಪ್ಪಿದರು. ಹಾಗೆ ಬಿಡುಗಡೆಯಾದ ಹಣ ನೈಜರ್ ದೇಶದ ಅಪೌಷ್ಟಿಕ ಮಕ್ಕಳ ಚಿಕಿತ್ಸೆಗೆ, ಸುಡಾನಿನ ಡಾರ್‌ಫರ್ ಪ್ರಾಂತದ ನಿರಾಶ್ರಿತರಿಗೆ, 2005ರ ಅಕ್ಟೋಬರಿನಲ್ಲಿ ಕಾಶ್ಮೀರದ ಗಡಿಭಾಗವನ್ನು ನಡುಗಿಸಿದ ಭೂಕಂಪದ ಗಾಯಾಳುಗಳಿಗೆ ಒದಗಿತು.

ದೇಣಿಗೆಯ ಪರಿಭಾಷೆಯಲ್ಲಿ ಇಂಥ ಹಣವನ್ನು ಅನಿರ್ಬಂಧಿತ ದೇಣಿಗೆ ಎನ್ನುತ್ತಾರೆ, ಎಂದರೆ ಯಾವ ದೇಶ, ಯಾವ ದುರಂತ, ಯಾವ ಕೆಲಸ ಎಂದು ದಾನಿ ಗೆರೆ ಎಳೆಯದೆ ಸಂಸ್ಥೆಯ ವಿವೇಚನೆಗೆ ಬಿಟ್ಟ ಹಣ. ಗೆರೆ ಎಳೆದು ಕೊಟ್ಟದ್ದು ನಿರ್ಬಂಧಿತ ದೇಣಿಗೆ. ಸಾಮಾನ್ಯ ದಾನಿಗೆ ಎರಡನೆಯದೇ ಹೆಚ್ಚು ಸುರಕ್ಷಿತವೆಂದು ತೋರುವುದು ಸಹಜ, ಏಕೆಂದರೆ ತಾನು ಕೊಟ್ಟ ಸಾವಿರ ರೂಪಾಯಿ ತಾನು ಕಂಡು ಮರುಗಿದ ಜನಕ್ಕೇ ತಲುಪಬೇಕೆಂಬ ಆಸೆ ಅವನಿಗಿರುತ್ತದೆ. ಆದರೆ ಗೆರೆ ಎಳೆದ ಹಣ ಒಂದೆಡೆ ತುಂಬಿ ತುಳುಕುತ್ತಿರುವಾಗ ಇನ್ನೊಂದೆಡೆಗೆ ಹರಿಯಲಾರದು. ಸುನಾಮಿ ನೆರವನ್ನು ಒಟ್ಟಾಗಿ ಪರಿಶೀಲಿಸಿದ ಸಂಸ್ಥೆಗಳ ಒಕ್ಕೂಟವೊಂದು 2006ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ ಸುನಾಮಿ ಸಂತ್ರಸ್ತರಲ್ಲಿ ತಲೆಗೆ 7,100 ಡಾಲರಿನಂತೆ ನೆರವು ಬಂದಿತ್ತು. ಅದೇ 2004ರಲ್ಲಿ ಬಾಂಗ್ಲಾದೇಶದ ನೆರೆಯಲ್ಲಿ ಮುಳುಗಿದವರಿಗೆ ಬಂದದ್ದು ತಲೆಗೆ 3 ಡಾಲರ್.

ಈ ಅಂತರಕ್ಕೆ ಕಾರಣ ಸಂಕಟದ ಪ್ರಮಾಣವಲ್ಲ, ಸುದ್ದಿಯ ಪ್ರಮಾಣ. ಸ್ವೀಡನ್ನಿನ ಅರ್ಥಶಾಸ್ತ್ರಜ್ಞರಾದ ಥಾಮಸ್ ಐಸೆನ್ಸೀ ಮತ್ತು ಡೇವಿಡ್ ಸ್ಟ್ರೋಂಬರ್ಗ್ 1968ರಿಂದ 2002ರವರೆಗಿನ ಸುಮಾರು 5,000 ನೈಸರ್ಗಿಕ ದುರಂತಗಳನ್ನು ಅಭ್ಯಸಿಸಿ, ಒಲಿಂಪಿಕ್ ಕ್ರೀಡಾಕೂಟದಂಥ ದೊಡ್ಡ ಸುದ್ದಿಯ ಜೊತೆಗೆ ಸಂಭವಿಸಿದ ದುರಂತಗಳಿಗೆ ಅಮೆರಿಕ ಸರ್ಕಾರದ ನೆರವು ಸಿಗುವ ಸಾಧ್ಯತೆ ಕಡಿಮೆಯೆಂದು 2007ರಲ್ಲಿ ತೋರಿಸಿಕೊಟ್ಟರು. ಜ್ವಾಲಾಮುಖಿಯಲ್ಲಿ ಒಬ್ಬ ಸತ್ತಾಗ ಟಿವಿಯಲ್ಲಿ ಸಿಗುವಷ್ಟು ಗಮನ ಸಿಗಬೇಕಾದರೆ ಆಹಾರದ ಕೊರತೆಯಿಂದ ಸುಮಾರು 39,000 ಜನ ಸಾಯಬೇಕೆಂಬುದು ಅದೇ ಅಧ್ಯಯನದ ಇನ್ನೊಂದು ಲೆಕ್ಕ. ಬರ ಸದ್ದಿಲ್ಲದೆ ಬರುತ್ತದೆ, ಅದಕ್ಕೆ ತಾರೀಖಿಲ್ಲ, ಕುಸಿದ ಕಟ್ಟಡದ ಚಿತ್ರವಿಲ್ಲ. ಸೊಮಾಲಿಯಾದಲ್ಲಿ ಮಳೆ ಕೈಕೊಡಲಿದೆಯೆಂಬ ಮುನ್ಸೂಚನೆ 2010ರಲ್ಲೇ ಹೊರಬಿದ್ದಿತ್ತು. ವಿಶ್ವಸಂಸ್ಥೆ ಕ್ಷಾಮವನ್ನು ಅಧಿಕೃತವಾಗಿ ಘೋಷಿಸಿದ್ದು 2011ರ ಜುಲೈನಲ್ಲಿ, ದೊಡ್ಡ ಪ್ರಮಾಣದ ಹಣ ಹರಿದದ್ದು ಆ ಘೋಷಣೆಯ ನಂತರ. ಸತ್ತವರು ಸುಮಾರು 2.6 ಲಕ್ಷ, ಅರ್ಧದಷ್ಟು ಮಂದಿ ಐದು ವರ್ಷದೊಳಗಿನ ಮಕ್ಕಳು, ಮತ್ತು ಒಟ್ಟು ಸಾವುಗಳಲ್ಲಿ ಸರಿಸುಮಾರು ಅರ್ಧ ಘೋಷಣೆಗೆ ಮುಂಚೆಯೇ ಸಂಭವಿಸಿದ್ದವು. ಟಿವಿಯ ಪರದೆ ತೋರಿಸಿದ ದುರಂತಕ್ಕೆ ಮಾತ್ರ ಸ್ಪಂದಿಸುವ ದಾನಿ ತನಗರಿವಿಲ್ಲದೆಯೇ ಸುದ್ದಿ ಸಂಪಾದಕನ ಆಯ್ಕೆಗೆ ತನ್ನ ಹಣವನ್ನು ಒಪ್ಪಿಸುತ್ತಿರುತ್ತಾನೆ.

ಹಣದ ಬದಲು ವಸ್ತುಗಳನ್ನು ಕಳಿಸುವ ರೂಢಿ ಇನ್ನೂ ಹೆಚ್ಚಿನ ತೊಡಕು ತರುತ್ತದೆ. ಬಟ್ಟೆ, ಬಿಸ್ಕತ್ತು, ಔಷಧ, ನೀರಿನ ಬಾಟಲಿಗಳನ್ನು ಸಂಗ್ರಹಿಸಿ ಲಾರಿ ತುಂಬಿಸುವುದರಲ್ಲಿ ಒಂದು ಸಾಮೂಹಿಕ ಸಮಾಧಾನ ಇದೆ. ಪಕ್ಕದ ಜಿಲ್ಲೆಯ ನೆರೆಗೆ, ಅಲ್ಲಿಯವರು ಏನು ಬೇಕೆಂದು ಕೇಳಿದ್ದರೆ, ಅದು ಒದಗಲೂಬಹುದು. ಸಾಗರದಾಚೆಯ ದೇಶಕ್ಕೆ ಅದೇ ಕ್ರಮ ಸಲ್ಲದು. 1988ರ ಡಿಸೆಂಬರಿನಲ್ಲಿ ಅರ್ಮೇನಿಯಾದಲ್ಲಿ ಭೂಕಂಪವಾದಾಗ ಸುಮಾರು 5,000 ಟನ್ ಔಷಧ ಮತ್ತು ವೈದ್ಯಕೀಯ ಸಾಮಗ್ರಿ ಬಂದು ಬಿದ್ದಿತು. ಬಂದುದರಲ್ಲಿ ಏನೇನಿದೆಯೆಂದು ತಿಳಿಯುವುದಕ್ಕೇ ಐವತ್ತು ಜನ ಆರು ತಿಂಗಳು ದುಡಿಯಬೇಕಾಯಿತು. ಶೇಕಡಾ 8ರಷ್ಟು ತಲುಪುವಾಗಲೇ ಅವಧಿ ಮೀರಿತ್ತು, ಶೇಕಡಾ 4ರಷ್ಟು ಚಳಿಗೆ ಹೆಪ್ಪುಗಟ್ಟಿ ಕೆಟ್ಟಿತ್ತು, ಉಳಿದುದರಲ್ಲೂ ಸುಲಭವಾಗಿ ಗುರುತಿಸಬಹುದಾದದ್ದು ಮೂರನೆಯ ಒಂದು ಭಾಗಕ್ಕಿಂತ ಕಡಿಮೆ. ಇಂಥ ಅನುಭವಗಳ ಬೆನ್ನಲ್ಲೇ ವಿಶ್ವ ಆರೋಗ್ಯ ಸಂಸ್ಥೆ 1996ರಲ್ಲಿ ಔಷಧ ದಾನಕ್ಕೆ ನಿಯಮಾವಳಿ ರೂಪಿಸಿ, ಪಡೆಯುವ ದೇಶ ಕೇಳಿದ ಔಷಧವನ್ನೇ ಕೊಡಬೇಕು, ತಲುಪಿದ ಮೇಲೆ ಕನಿಷ್ಠ ಒಂದು ವರ್ಷ ಬಾಳಿಕೆ ಇರಬೇಕು, ಚೀಟಿ ಅಲ್ಲಿಯ ವೈದ್ಯರಿಗೆ ತಿಳಿಯುವ ಭಾಷೆಯಲ್ಲಿರಬೇಕು ಎಂದು ವಿಧಿಸಿತು. ನಿಯಮ ಇದ್ದೂ ಎಂಟು ವರ್ಷಗಳ ನಂತರ ಇಂಡೊನೇಷ್ಯಾದ ಆಚೆ ಎಂಬ ಸುನಾಮಿಪೀಡಿತ ಪ್ರಾಂತದಲ್ಲಿ ಅದೇ ಕಥೆ ಮರುಕಳಿಸಿತು: ಇಪ್ಪತ್ತು ಲಕ್ಷದಷ್ಟು ಜನಕ್ಕೆ 4,000 ಟನ್ ಔಷಧ ಬಂತು, ಅದರಲ್ಲಿ ಶೇಕಡಾ 60ರಷ್ಟು ಇಂಡೊನೇಷ್ಯಾದ ಅಗತ್ಯ ಔಷಧಗಳ ಪಟ್ಟಿಯಲ್ಲೇ ಇರಲಿಲ್ಲ, ಶೇಕಡಾ 70ರ ಚೀಟಿಗಳು ಅಲ್ಲಿಯವರು ಓದಲಾರದ ಭಾಷೆಯಲ್ಲಿದ್ದವು. ಅವುಗಳಲ್ಲಿ 600 ಟನ್ನನ್ನು ನಾಶಪಡಿಸಬೇಕಾಗಿ ಬಂದು, ಅದರ ವೆಚ್ಚ 24 ಲಕ್ಷ ಯೂರೊ ಎಂದು ಅಂದಾಜಿಸಲಾಯಿತು. ಕೊಟ್ಟವರು ಪುಣ್ಯ ಕಟ್ಟಿಕೊಂಡರು. ಸುಡುವ ಖರ್ಚು ಬೇರೆಯವರದಾಯಿತು.

ವಸ್ತುಗಳ ಇನ್ನೊಂದು ಸಮಸ್ಯೆ ದಾರಿಯದು. 2015ರ ಏಪ್ರಿಲ್ 25ರಂದು ನೇಪಾಳದಲ್ಲಿ 7.8 ತೀವ್ರತೆಯ ಭೂಕಂಪವಾಗಿ ಸುಮಾರು 9,000 ಜನ ಸತ್ತಾಗ, ಆ ಭೂಬಂಧಿತ ದೇಶಕ್ಕಿದ್ದ ಏಕೈಕ ಅಂತರರಾಷ್ಟ್ರೀಯ ವಿಮಾನ ನಿಲ್ದಾಣವೆಂದರೆ ಕಾಠ್ಮಂಡುವಿನ ತ್ರಿಭುವನ್, ಅದಕ್ಕಿದ್ದದ್ದು ಒಂದೇ ಓಡುದಾರಿ. ಮೇ ಮೊದಲ ವಾರದಲ್ಲಿ ಆ ಓಡುದಾರಿಯೂ ಬಿರುಕು ಬಿಟ್ಟು, 196 ಟನ್ನಿಗಿಂತ ಭಾರದ ವಿಮಾನಗಳು ಇಳಿಯದಂತೆ ನಿರ್ಬಂಧ ಹಾಕಬೇಕಾಯಿತು. ಅಂಥ ನಿಲ್ದಾಣದಲ್ಲಿ ಯಾರೂ ಕೇಳದ ಪೆಟ್ಟಿಗೆಯೊಂದು ಇಳಿದರೆ ಅದು ಗುಡಾರ, ಅಕ್ಕಿ, ನೀರು ಶುದ್ಧಗೊಳಿಸುವ ಮಾತ್ರೆಗಳಿಗೆ ಸಲ್ಲಬೇಕಾದ ಜಾಗವನ್ನು ಕಸಿದುಕೊಳ್ಳುತ್ತದೆ. ಧಾನ್ಯ, ಉಪ್ಪು, ಸಕ್ಕರೆ ಬೇಕಾಗಿರುವಾಗ ಟ್ಯೂನಾ ಮೀನು ಮತ್ತು ಮೇಯನೇಸ್ ಬಂದಿವೆಯೆಂದು ಆಗಿನ ನೇಪಾಳದ ಹಣಕಾಸು ಸಚಿವರು ಬಹಿರಂಗವಾಗಿಯೇ ದೂರಿದರು.

ಹಾಗಾದರೆ ಕೊಡಬೇಕಾದದ್ದು ಹಣ ಎಂಬುದು ದಾನಿಯ ಮಟ್ಟಿಗೆ ನಿಶ್ಚಿತ. ಪರಿಹಾರ ಸಂಸ್ಥೆ ಸಂತ್ರಸ್ತರಿಗೆ ಕೊಡಬೇಕಾದದ್ದು ಏನು ಎಂಬ ಪ್ರಶ್ನೆಗೂ ಈಚೆಗೆ ಅದೇ ಉತ್ತರ ಬಲಗೊಳ್ಳುತ್ತಿದೆ. ನೇರ ನಗದು ನೆರವು ಎಂದರೆ ಕುಟುಂಬಕ್ಕೆ ಮೂಟೆ ಅಕ್ಕಿ ಹಂಚುವ ಬದಲು ಬ್ಯಾಂಕು ಅಥವಾ ಮೊಬೈಲ್ ಖಾತೆಯ ಮೂಲಕ ದುಡ್ಡನ್ನೇ ಕೊಟ್ಟು, ಅದರಿಂದ ಅನ್ನವೋ ಔಷಧವೋ ತಗಡೋ ಎಂಬ ತೀರ್ಮಾನವನ್ನು ಅವರಿಗೇ ಬಿಡುವ ಕ್ರಮ. ನಾಲ್ಕು ದೇಶಗಳಲ್ಲಿ ನಡೆದ ಹೋಲಿಕೆಯ ಅಧ್ಯಯನವೊಂದರಲ್ಲಿ, ಆಹಾರದ ಬದಲು ಎಲ್ಲರಿಗೂ ನಗದು ಕೊಟ್ಟಿದ್ದರೆ ಅದೇ ವೆಚ್ಚದಲ್ಲಿ ಶೇಕಡಾ 18ರಷ್ಟು ಹೆಚ್ಚು ಜನರಿಗೆ ನೆರವಾಗಬಹುದಿತ್ತೆಂದು ಕಂಡುಬಂದಿತು. ಆದರೂ ನಗದನ್ನು ಸರ್ವರೋಗಕ್ಕೆ ಮದ್ದೆಂದು ಭಾವಿಸುವಂತಿಲ್ಲ, ಅಂಗಡಿಗಳೇ ಕೊಚ್ಚಿಹೋದ ಊರಿನಲ್ಲಿ ಮೊದಲ ಕೆಲವು ದಿನ ನೋಟಿಗೆ ಬೆಲೆಯಿಲ್ಲ. ಸಂತೆ ಮತ್ತೆ ಕೂಡುವವರೆಗೆ ಆಹಾರ, ಗುಡಾರಗಳೇ ಬೇಕು, ಮತ್ತು ಅವನ್ನು ಮುಂಚಿತವಾಗಿ ದಾಸ್ತಾನು ಮಾಡಿಟ್ಟಿರುವ ಸಂಸ್ಥೆಗಳು ತರಬೇಕೇ ಹೊರತು ದೂರದ ದಾನಿಗಳು ಪೆಟ್ಟಿಗೆ ಕಟ್ಟಿ ಕಳಿಸುವುದಲ್ಲ.

ಯಾರ ಕೈಗೆ ಕೊಡಬೇಕು ಎಂಬುದು ಇವೆಲ್ಲಕ್ಕಿಂತ ಕಠಿಣವಾದ ಪ್ರಶ್ನೆ. ಅವಶೇಷಗಳಡಿ ಸಿಕ್ಕಿಕೊಂಡವರನ್ನು ಹೊರದೇಶದ ರಕ್ಷಣಾ ತಂಡಗಳೇ ಬದುಕಿಸುತ್ತವೆಂಬ ಭಾವನೆ ದೂರದರ್ಶನದ ಚಿತ್ರಗಳಿಂದ ಬೇರೂರಿದೆ. ವಾಸ್ತವದಲ್ಲಿ ಮೊದಲ ಗಂಟೆಗಳಲ್ಲಿ ಕಲ್ಲುಮಣ್ಣು ಸರಿಸುವವರು ನೆರೆಹೊರೆಯವರು, ಊರಿನ ಯುವಕರು, ಸ್ಥಳೀಯ ಪೊಲೀಸರು ಮತ್ತು ಸೈನಿಕರು. ನೇಪಾಳಕ್ಕೆ ಹತ್ತಾರು ದೇಶಗಳ ರಕ್ಷಣಾ ತಂಡಗಳು ಧಾವಿಸಿದರೂ ಅವು ಜೀವಂತವಾಗಿ ಹೊರತೆಗೆದವರ ಸಂಖ್ಯೆ ಇಪ್ಪತ್ತನ್ನು ದಾಟಲಿಲ್ಲ. ಆದ್ದರಿಂದ ದುರಂತದ ಸುದ್ದಿ ಕೇಳಿ ಹೊಸದಾಗಿ ಹೊರಡುವ ಉತ್ಸಾಹಿ ಗುಂಪಿಗಿಂತ, ಆ ದೇಶದಲ್ಲಿ ಮೊದಲಿನಿಂದಲೂ ಬೇರುಬಿಟ್ಟಿರುವ, ಭಾಷೆ ಬಲ್ಲ, ಸಿಬ್ಬಂದಿಯಿರುವ ಸಂಸ್ಥೆಗೆ ಕೊಡುವುದು ಲೇಸು. ಆಯಾ ದೇಶದ ರೆಡ್‌ಕ್ರಾಸ್ ಅಥವಾ ರೆಡ್‌ಕ್ರೆಸೆಂಟ್ ಸಂಘಗಳು ಹಳ್ಳಿಮಟ್ಟದ ಸ್ವಯಂಸೇವಕರನ್ನು ಹೊಂದಿರುವುದರಿಂದ ಹಲವೆಡೆ ಈ ಅರ್ಹತೆ ಅವಕ್ಕಿದೆ.

ಇದನ್ನು ಕಡೆಗಣಿಸಿದರೆ ಏನಾಗುತ್ತದೆಂಬುದಕ್ಕೆ ಹೈಟಿ ಸಾಕ್ಷಿ. 2010ರ ಜನವರಿ 12ರ ಭೂಕಂಪದಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಜನ ಸತ್ತ ಆ ಬಡ ದೇಶಕ್ಕೆ ಹರಿದುಬಂದ ತುರ್ತು ನೆರವಿನಲ್ಲಿ ಅಲ್ಲಿಯ ಸರ್ಕಾರದ ಕೈಸೇರಿದ್ದು ಶೇಕಡಾ ಒಂದರಷ್ಟು ಮಾತ್ರ. ಪರಿಹಾರ ಕಾರ್ಯದ ಸಮನ್ವಯ ಸಭೆಗಳು, ಫ್ರೆಂಚ್ ಮತ್ತು ಕ್ರಿಯೋಲ್ ಮಾತಾಡುವ ಜನರ ನಾಡಿನಲ್ಲಿ, ವಿಶ್ವಸಂಸ್ಥೆಯ ಬಿಗಿ ಕಾವಲಿನ ಆವರಣದೊಳಗೆ ಬಹುಮಟ್ಟಿಗೆ ಇಂಗ್ಲಿಷಿನಲ್ಲಿ ನಡೆದವು. ಸ್ಥಳೀಯ ಸಂಘಗಳಿಗೆ ಒಳಗೆ ಕಾಲಿಡುವುದೇ ದುಸ್ತರವಾಗಿತ್ತು. ಅದೇ ವರ್ಷದ ಅಕ್ಟೋಬರಿನಲ್ಲಿ ವಿಶ್ವಸಂಸ್ಥೆಯ ಶಾಂತಿಪಾಲಕರ ಶಿಬಿರದ ಕೊಳಕಿನಿಂದ ನದಿ ಸೇರಿದ ಕಾಲರಾ ಹಬ್ಬಿ ಮುಂದಿನ ವರ್ಷಗಳಲ್ಲಿ ಸುಮಾರು 10,000 ಜನರನ್ನು ಕೊಂದಿತು. 2016ರಲ್ಲಿ ಮಹಾಪ್ರಧಾನ ಕಾರ್ಯದರ್ಶಿ ಬಾನ್ ಕಿ ಮೂನ್ ಹೈಟಿಯ ಜನರ ಕ್ಷಮೆ ಕೇಳಿದರು. ಹಣದ ಕೊರತೆಯಿಂದ ಆದ ಅನಾಹುತ ಇದಲ್ಲ.

ಸಂಸ್ಥೆಯ ಯೋಗ್ಯತೆಯನ್ನು ಅಳೆಯಲು ಬಹಳ ಜನ ಬಳಸುವ ಮಾನದಂಡ ಆಡಳಿತ ವೆಚ್ಚದ ಪ್ರಮಾಣ, ಅಂದರೆ ನೂರು ರೂಪಾಯಿಯಲ್ಲಿ ಕಚೇರಿ, ಸಂಬಳ, ಲೆಕ್ಕಪತ್ರಗಳಿಗೆ ಎಷ್ಟು ಹೋಗುತ್ತದೆಂಬ ಲೆಕ್ಕ. ಅದು ಅತಿಯಾದಲ್ಲಿ ಸಂಶಯ ಪಡಬೇಕಾದದ್ದು ಸರಿಯೇ. ಆದರೆ ಅದು ಕಡಿಮೆಯಿದ್ದ ಮಾತ್ರಕ್ಕೆ ಸಂಸ್ಥೆ ಒಳ್ಳೆಯದೆಂದು ತಿಳಿಯುವುದು ಭ್ರಮೆ. ಉಗ್ರಾಣ, ವಾಹನ, ತರಬೇತಾದ ಸಿಬ್ಬಂದಿ, ಕಳವು ಹಿಡಿಯುವ ಲೆಕ್ಕಿಗ, ಇವೆಲ್ಲ ಬರುವುದು ಆ ವೆಚ್ಚದಲ್ಲೇ. ಬಂದ ಹಣವೆಷ್ಟು, ಖರ್ಚಾದದ್ದೆಷ್ಟು, ಉಳಿದದ್ದೆಷ್ಟು, ಎಡವಿದ್ದೆಲ್ಲಿ ಎಂದು ಸಂಸ್ಥೆ ತಾನಾಗಿ ಪ್ರಕಟಿಸುತ್ತದೆಯೇ ಎಂಬುದು ಇದಕ್ಕಿಂತ ನಂಬಲರ್ಹವಾದ ಪರೀಕ್ಷೆ, ಮತ್ತು ಸಾಕೆಂದು ಹೇಳುವ ಧೈರ್ಯ ತೋರಿದ ಸಂಸ್ಥೆ ಆ ಪರೀಕ್ಷೆಯಲ್ಲಿ ಮೇಲೆ ನಿಲ್ಲುತ್ತದೆ. ದೊಡ್ಡ ದುರಂತದ ಮರುದಿನವೇ ಹುಟ್ಟಿಕೊಳ್ಳುವ ಜಾಲತಾಣಗಳು ಮತ್ತು ವಾಟ್ಸಾಪಿನಲ್ಲಿ ಹರಿದಾಡುವ ಖಾತೆ ಸಂಖ್ಯೆಗಳ ಬಗ್ಗೆ ಎಚ್ಚರವಿರಬೇಕೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ದೇಣಿಗೆಯ ಅತ್ಯಂತ ಫಲಪ್ರದ ಕಾಲ ಮಾತ್ರ ದುರಂತಕ್ಕೆ ಮುಂಚಿನದು. ಇದಕ್ಕೆ ಬಾಂಗ್ಲಾದೇಶಕ್ಕಿಂತ ದೊಡ್ಡ ಪುರಾವೆ ಬೇಡ. 1970ರ ನವೆಂಬರಿನ ಭೋಲಾ ಚಂಡಮಾರುತದಲ್ಲಿ ಅಲ್ಲಿ ಕನಿಷ್ಠ ಮೂರು ಲಕ್ಷ ಜನ ಸತ್ತರು. ಆ ಬಳಿಕ 1972ರಲ್ಲಿ ಆರಂಭವಾದ ಚಂಡಮಾರುತ ಸನ್ನದ್ಧತಾ ಕಾರ್ಯಕ್ರಮವು ಕರಾವಳಿಯ ಹಳ್ಳಿಗಳಲ್ಲಿ ಸ್ವಯಂಸೇವಕರನ್ನು ತರಬೇತುಗೊಳಿಸಿ, ಧ್ವನಿವರ್ಧಕ ಮತ್ತು ಬಾವುಟಗಳ ಮೂಲಕ ಮುನ್ನೆಚ್ಚರಿಕೆ ಸಾರುವ ವ್ಯವಸ್ಥೆ ಮಾಡಿತು; ಎತ್ತರದ ಕಾಂಕ್ರೀಟು ಆಶ್ರಯ ಕಟ್ಟಡಗಳು ಕ್ರಮೇಣ ಎದ್ದವು. 1991ರ ಚಂಡಮಾರುತ ಸುಮಾರು 1.38 ಲಕ್ಷ ಜನರನ್ನು ಕೊಂದು ಆ ವ್ಯವಸ್ಥೆ ಇನ್ನೂ ಸಾಲದೆಂದು ತೋರಿಸಿತಾದರೂ, 2007ರ ಸಿಡ್ರ್ ಚಂಡಮಾರುತದಲ್ಲಿ ಸತ್ತವರು ಸುಮಾರು 3,400 ಮಂದಿ, 2020ರ ಅಂಫಾನ್‌ನಲ್ಲಿ ಹತ್ತಾರು ಮಂದಿ ಮಾತ್ರ. ಇಷ್ಟು ಜೀವ ಉಳಿಸಿದ ಕೆಲಸ ಯಾವ ಟಿವಿಯಲ್ಲೂ ಮುಖ್ಯ ಸುದ್ದಿಯಾಗಲಿಲ್ಲ, ಏಕೆಂದರೆ ಸಾಯದೆ ಉಳಿದವರ ಚಿತ್ರ ತೆಗೆಯುವುದು ಸಾಧ್ಯವಿಲ್ಲ.

ಅದೇ ದೇಶದಲ್ಲಿ 2020ರ ಜುಲೈನಲ್ಲಿ ನಡೆದ ಪ್ರಯೋಗ ಇನ್ನೂ ಒಂದು ಹೆಜ್ಜೆ ಮುಂದಿನದು. ಜಮುನಾ ನದಿಯ ನೆರೆ ಏರಲಿದೆಯೆಂಬ ಮುನ್ಸೂಚನೆ ಬಂದೊಡನೆ ವಿಶ್ವಸಂಸ್ಥೆಯ ಕೇಂದ್ರ ತುರ್ತು ನಿಧಿ 52 ಲಕ್ಷ ಡಾಲರ್ ಬಿಡುಗಡೆ ಮಾಡಿತು, ವಿಶ್ವ ಆಹಾರ ಕಾರ್ಯಕ್ರಮವು ಇಪ್ಪತ್ತಮೂರು ಸಾವಿರಕ್ಕೂ ಹೆಚ್ಚು ಕುಟುಂಬಗಳ ಬಿಕಾಶ್ ಎಂಬ ಮೊಬೈಲ್ ಖಾತೆಗಳಿಗೆ ತಲಾ 4,500 ಟಾಕಾ ಹಾಕಿತು. ನೀರು ಮನೆಯ ಹೊಸ್ತಿಲಿಗೆ ಬರುವ ಮುನ್ನ ಕೈಗೆ ಬಂದ ಆ ಹಣದಿಂದ ಜನ ಧಾನ್ಯ ಕೊಂಡಿಟ್ಟರು, ದನಕರುಗಳನ್ನು ಸಾಗಿಸಿದರು. ಹಣ ಪಡೆದ ಕುಟುಂಬಗಳು ನೆರೆಯ ಅವಧಿಯಲ್ಲಿ ಒಂದು ದಿನವಾದರೂ ಉಪವಾಸ ಬೀಳುವ ಸಾಧ್ಯತೆ ಶೇಕಡಾ 36ರಷ್ಟು ಕಡಿಮೆಯಾಗಿತ್ತೆಂದು ನಂತರದ ಅಧ್ಯಯನ ಕಂಡುಕೊಂಡಿತು. ಇದನ್ನು ಮುಂಗಾಣಿಕೆಯ ನೆರವು ಎನ್ನಬಹುದು. ಸಾಮಾನ್ಯವಾಗಿ ನಡೆಯುವುದು ಊರು ಕೊಳ್ಳೆಹೋದ ಮೇಲೆ ದಿಡ್ಡಿ ಬಾಗಿಲು ಹಾಕುವ ಕೆಲಸ. ಅದಕ್ಕೆ ಅಪವಾದ ನೇಪಾಳದಲ್ಲೂ ಒಂದಿತ್ತು: ಕಾಠ್ಮಂಡು ವಿಮಾನ ನಿಲ್ದಾಣದ ಪಕ್ಕದಲ್ಲಿ ಪರಿಹಾರ ಸಾಮಗ್ರಿ ಇಳಿಸಿ ವಿಂಗಡಿಸುವ ಕೇಂದ್ರವೊಂದನ್ನು ವಿಶ್ವ ಆಹಾರ ಕಾರ್ಯಕ್ರಮ ಸಿದ್ಧಗೊಳಿಸಿದ್ದು 2015ರ ಮಾರ್ಚಿನಲ್ಲಿ, ಭೂಕಂಪಕ್ಕೆ ಒಂದು ತಿಂಗಳು ಮುಂಚೆ. ಅದಿಲ್ಲದಿದ್ದರೆ ಏಪ್ರಿಲಿನ ಗೊಂದಲ ಇನ್ನೆಷ್ಟಾಗುತ್ತಿತ್ತೆಂದು ಊಹಿಸಬಹುದು. ಮೇಲೆ ಹೇಳಿದ ಕೇಂದ್ರ ತುರ್ತು ನಿಧಿಯಾಗಲಿ, ಅಂತರರಾಷ್ಟ್ರೀಯ ರೆಡ್‌ಕ್ರಾಸ್ ಮತ್ತು ರೆಡ್‌ಕ್ರೆಸೆಂಟ್ ಒಕ್ಕೂಟ 1985ರಿಂದ ನಡೆಸುತ್ತಿರುವ ತುರ್ತು ನಿಧಿಯಾಗಲಿ ಇರುವುದು ಹೀಗೆ ಹೆಸರಿಲ್ಲದ ಮುಂದಿನ ದುರಂತಕ್ಕೆ ಹಣ ತೆಗೆದಿಡುವುದಕ್ಕಾಗಿಯೇ.

ದುರಂತದ ಬಾಲವೂ ಉದ್ದವಾದುದೆಂಬುದನ್ನು ದಾನಿಗಳು ಮರೆಯುತ್ತಾರೆ. ನೇಪಾಳದ ಪುನರ್ನಿರ್ಮಾಣ ಪ್ರಾಧಿಕಾರ ಕೆಲಸ ಆರಂಭಿಸಿದ್ದೇ ಭೂಕಂಪವಾಗಿ ಎಂಟು ತಿಂಗಳ ನಂತರ; ಮನೆ ಕಳೆದುಕೊಂಡ ಕುಟುಂಬಕ್ಕೆ ಮೂರು ಲಕ್ಷ ನೇಪಾಳಿ ರೂಪಾಯಿಯನ್ನು ಕಂತುಗಳಲ್ಲಿ ಕೊಡುವ ಕೆಲಸ ವರ್ಷಗಟ್ಟಲೆ ನಡೆಯಿತು. ಆ ಹೊತ್ತಿಗೆ ಜಗತ್ತಿನ ಗಮನ ಬೇರೆಡೆ ಹೊರಳಿತ್ತು. ಇನ್ನು ದುರಂತವೆಂದೇ ಕರೆಸಿಕೊಳ್ಳದ ಸಾವುಗಳಿವೆ. ಮಲೇರಿಯಾದಿಂದ ಇಂದಿಗೂ ವರ್ಷಕ್ಕೆ ಸುಮಾರು ಆರು ಲಕ್ಷ ಜನ, ಹೆಚ್ಚಿನಂಶ ಆಫ್ರಿಕಾದ ಪುಟ್ಟ ಮಕ್ಕಳು, ಸಾಯುತ್ತಾರೆ. ಇಡೀ ಸುನಾಮಿ ಕೊಂದವರ ಎರಡೂವರೆ ಪಟ್ಟು, ಅದೂ ಪ್ರತಿವರ್ಷ. ಕೊಟ್ಟ ರೂಪಾಯಿಗೆ ಅತಿ ಹೆಚ್ಚು ಜೀವ ಉಳಿಯಬೇಕೆಂಬುದೊಂದೇ ದಾನಿಯ ಗುರಿಯಾದರೆ, ಭೂಕಂಪದ ನಿಧಿಗಿಂತ ಸೊಳ್ಳೆಪರದೆಗೆ ಕೊಡುವುದೇ ಹೆಚ್ಚು ಸಮಂಜಸವಾದೀತೆಂಬ ವಾದವನ್ನು ಸುಲಭವಾಗಿ ತಳ್ಳಿಹಾಕಲು ಬಾರದು.

ಕನ್ನಡನಾಡಿನಲ್ಲಿದ್ದು ಹೊರದೇಶಕ್ಕೆ ಕೊಡಬಯಸುವವರು ಕಾನೂನಿನ ಕೆಲವು ಅಂಶಗಳನ್ನೂ ತಿಳಿದಿರಬೇಕು. ರಿಸರ್ವ್ ಬ್ಯಾಂಕಿನ ಉದಾರೀಕೃತ ಹಣ ರವಾನೆ ಯೋಜನೆಯಡಿ ವ್ಯಕ್ತಿಯೊಬ್ಬರು ಒಂದು ಹಣಕಾಸು ವರ್ಷದಲ್ಲಿ ಎಲ್ಲ ಉದ್ದೇಶಗಳೂ ಸೇರಿ 2.5 ಲಕ್ಷ ಡಾಲರ್‌ವರೆಗೆ ಹೊರಗೆ ಕಳಿಸಬಹುದು, ದೇಣಿಗೆಗೂ ಅದರಲ್ಲಿ ಅವಕಾಶವಿದೆ. ಆದರೆ 80ಜಿ ಎಂದು ಪರಿಚಿತವಾಗಿರುವ ತೆರಿಗೆ ರಿಯಾಯಿತಿ ವಿದೇಶಿ ಸಂಸ್ಥೆಗೆ ಕೊಟ್ಟ ಹಣಕ್ಕೆ ಸಿಗದು. ಇಲ್ಲಿಯ ಧರ್ಮದತ್ತಿ ಸಂಸ್ಥೆಗಳು ತಮ್ಮ ಆದಾಯವನ್ನು ಭಾರತದ ಹೊರಗೆ ವಿನಿಯೋಗಿಸಿದರೆ, ಕೇಂದ್ರ ನೇರ ತೆರಿಗೆ ಮಂಡಳಿಯ ಅನುಮತಿ ಇಲ್ಲದೆ ಅದಕ್ಕೆ ತೆರಿಗೆ ವಿನಾಯಿತಿ ದೊರೆಯದಾದ್ದರಿಂದ, ಊರಿನ ಟ್ರಸ್ಟಿನ ಕೈಗೆ ಹಣ ಕೊಟ್ಟು ಅದು ಟರ್ಕಿಗೋ ನೇಪಾಳಕ್ಕೋ ತಲುಪುತ್ತದೆಂದು ನಿರೀಕ್ಷಿಸುವ ಮುನ್ನ ವಿಚಾರಿಸಬೇಕು. ಅಮೆರಿಕ, ಬ್ರಿಟನ್, ಕೊಲ್ಲಿ ದೇಶಗಳಲ್ಲಿರುವ ಕನ್ನಡಿಗರಿಗೆ ಕರ್ನಾಟಕದ ನೆರೆಯೇ ಪರದೇಶದ ದುರಂತ. 2018ರಲ್ಲಿ ಕೇರಳದ ಪ್ರವಾಹದ ಕಾಲಕ್ಕೆ ಭಾರತ ಸರ್ಕಾರ ವಿದೇಶಿ ಸರ್ಕಾರಗಳ ನೆರವನ್ನು ನಿರಾಕರಿಸಿದರೂ, ಅನಿವಾಸಿ ಭಾರತೀಯರು ಪ್ರಧಾನಿ ಮತ್ತು ಮುಖ್ಯಮಂತ್ರಿ ಪರಿಹಾರ ನಿಧಿಗಳಿಗೆ ಕೊಡುವುದಕ್ಕೆ ಸ್ವಾಗತವಿದೆಯೆಂದು ಸ್ಪಷ್ಟಪಡಿಸಿತ್ತು. ಅನ್ಯ ಪೌರತ್ವ ಪಡೆದವರು ಖಾಸಗಿ ಸಂಸ್ಥೆಗೆ ಕೊಡುವುದಾದರೆ ಆ ಸಂಸ್ಥೆಗೆ ವಿದೇಶಿ ದೇಣಿಗೆ ನಿಯಂತ್ರಣ ಕಾಯಿದೆಯಡಿ ನೋಂದಣಿಯಿರಬೇಕು. 2020ರ ತಿದ್ದುಪಡಿಯ ನಂತರ ಹಾಗೆ ಬಂದ ಹಣವನ್ನು ಅದು ಇನ್ನೊಂದು ಸಂಸ್ಥೆಗೆ ದಾಟಿಸುವಂತಿಲ್ಲವಾದ್ದರಿಂದ, ನೆಲದ ಮೇಲೆ ಕೆಲಸ ಮಾಡುವ ಸಂಸ್ಥೆಯನ್ನೇ ನೇರವಾಗಿ ಆರಿಸಿಕೊಳ್ಳಬೇಕಾಗುತ್ತದೆ.

ಮುಂದಿನ ಭೂಕಂಪದ ಚಿತ್ರಗಳನ್ನು ನೋಡಿ ಒಮ್ಮೆಲೇ ಐದು ಸಾವಿರ ರೂಪಾಯಿ ಕೊಡಬಲ್ಲವರು, ಲೆಕ್ಕ ಪ್ರಕಟಿಸುವ ಒಂದು ಸಂಸ್ಥೆಯನ್ನು ಬಿಡುವಿನ ವೇಳೆಯಲ್ಲಿ ವಿಚಾರಿಸಿ ಆರಿಸಿಕೊಂಡು, ಯಾವ ದುರಂತದ ಹೆಸರನ್ನೂ ಸೂಚಿಸದೆ, ಅದರ ತುರ್ತು ನಿಧಿಗೆ ತಿಂಗಳಿಗೆ ನಾಲ್ಕುನೂರರಂತೆ ಈ ತಿಂಗಳಿನಿಂದಲೇ ಕೊಡುವುದನ್ನು ಆರಂಭಿಸಲಿ.